ಕರೋಶಿಯ ಸೈಕಲ್ ಅಂಗಡಿಯಲ್ಲಿ ಹ್ಯಾಂಡಲ್ ಹುಡುಕುತ್ತ

ಚಿಕ್ಕೋಡಿ ತಾಲ್ಲೂಕಿನ ಕರೋಶಿಗೆ ನಾನು ಹೋದದ್ದು ಒಂದು ಹ್ಯಾಂಡಲ್ ಹುಡುಕಿಕೊಂಡು. ಪರಿಚಯದವರೊಬ್ಬರ ದನದ ಕೊಟ್ಟಿಗೆಯ ಮೂಲೆಯಲ್ಲಿದ್ದ ಹಳೆಯ ಇಂಗ್ಲಿಷ್ ರಾಲೆ ಸೈಕಲ್ಲನ್ನು ಮತ್ತೆ ಓಡುವಂತೆ ಮಾಡುವ ಕೆಲಸಕ್ಕೆ ಕೈ ಹಾಕಿದ್ದೇನೆ. ಫ್ರೇಮು, ಗಾಲಿ, ಚೈನ್‌ಕವರ್ ಎಲ್ಲ ಇವೆ. ಹ್ಯಾಂಡಲ್ ಮಾತ್ರ ಇಲ್ಲ. ಅದನ್ನು ಯಾರು ಬಿಚ್ಚಿದರು, ಎಲ್ಲಿ ಹೋಯಿತು ಎಂಬುದು ಆ ಮನೆಯವರಿಗೂ ನೆನಪಿಲ್ಲ. ಹಳೆಯ ಸೈಕಲ್‌ಗಳ ಸಾಮಾನನ್ನು ಗುಜರಿಗೆ ಹಾಕದೆ ಇಟ್ಟುಕೊಂಡಿರುವ ಅಂಗಡಿಯೊಂದು ಕರೋಶಿಯಲ್ಲಿದೆ ಎಂದು ಕೇಳಿದ್ದೆ. ಇಡೀ ಸೈಕಲ್ ತರುವ ಬದಲು ಅದರ ಮುಂದಿನ ಚಿಮಟಾ (ಫೋರ್ಕ್) ಒಂದನ್ನೇ ಗೋಣಿಚೀಲದಲ್ಲಿ ಸುತ್ತಿಕೊಂಡು ಹೊರಟೆ.

ದಾರಿಯುದ್ದಕ್ಕೂ ಕಬ್ಬು. ಊರು ಹತ್ತಿರ ಬಂದಂತೆ ಹಾಲಿನ ಕ್ಯಾನು ಕಟ್ಟಿಕೊಂಡ ಮೋಟರ್‌ಸೈಕಲ್‌ಗಳು ಎದುರಾದವು. ಒಂದು ಕಾಲಕ್ಕೆ ಈ ಭಾಗದಲ್ಲಿ ಹಾಲು, ಮೇವು, ಕಬ್ಬಿನ ಸೋಗೆ, ಹಿಟ್ಟಿನ ಗಿರಣಿಗೆ ಹೋಗುವ ಜೋಳದ ಚೀಲ ಎಲ್ಲವನ್ನೂ ಹೊತ್ತದ್ದು ಎತ್ತರದ ಕರಿ ಸೈಕಲ್. ಅಂಗಡಿಯ ಮುಂದೆ ನಿಂತಾಗಲೂ ಅದೇ ಮೊದಲು ಕಣ್ಣಿಗೆ ಬಿತ್ತು. ತಗಡಿನ ಚಪ್ಪರದ ಕಂಬಕ್ಕೆ ಹಳೆಯ ಹರ್ಕ್ಯುಲಸ್ ಒಂದನ್ನು ಸರಪಳಿ ಹಾಕಿ ನಿಲ್ಲಿಸಿದ್ದಾರೆ. ಬೋರ್ಡು ಗೀರ್ಡು ಏನೂ ಇಲ್ಲ, ಆ ಸೈಕಲ್ಲೇ ಗುರುತು.

ಚಪ್ಪರದ ಕೆಳಗೆ ಎಲ್ಲ ಸೈಕಲ್ ಅಂಗಡಿಗಳಲ್ಲಿ ಇರುವುದೇ ಇದೆ. ಪಂಕ್ಚರ್ ನೋಡುವ ನೀರಿನ ಬೋಗುಣಿ, ಗಾಳಿ ಹೊಡೆಯುವ ಕಂಪ್ರೆಸರ್, ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಟ್ಯೂಬುಗಳು. ಒಬ್ಬ ಹುಡುಗ ಮಕ್ಕಳ ಸೈಕಲ್ಲಿನ ಗಾಲಿ ಬಿಚ್ಚುತ್ತಿದ್ದ. ಒಂದು ಬದಿಗೆ ಶಾಲೆಯ ಸೈಕಲ್‌ಗಳ ಸಾಲು. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಕೊಡಲು ಶುರುಮಾಡಿದ ಯೋಜನೆಯ ಸೈಕಲ್‌ಗಳು ಹಳ್ಳಿಗಳಲ್ಲಿ ಇಂದಿಗೂ ಸಿಗುತ್ತವೆ. ಮಕ್ಕಳು ಕಾಲೇಜು ಮುಗಿಸಿದರೂ ಸೈಕಲ್ ಮನೆಯಲ್ಲಿ ಉಳಿಯುತ್ತದೆ. ಇಲ್ಲಿರುವವು ರಿಪೇರಿಗೆ ಬಂದವೋ, ಬಿಟ್ಟುಹೋದವೋ ಗೊತ್ತಾಗಲಿಲ್ಲ.

ಅಂಗಡಿಯ ಹಿರಿಯರು ನನ್ನ ಗೋಣಿಚೀಲ ನೋಡಿ ಎದ್ದು ಬಂದರು. ಬಿಚ್ಚಿ ತೋರಿಸಿದೆ.

“ಚಿಮಟಾನೇ ತಂದೀರಲ್ಲ, ಚಲೋ ಮಾಡಿದ್ರಿ ಸರ. ಮಂದಿ ಮೊಬೈಲ್‌ದಾಗ ಫೋಟೋ ತೋರ್ಸಿ, ಇದಕ್ಕೊಂದು ಹ್ಯಾಂಡಲ್ ಕೊಡ್ರಿ ಅಂತಾರು. ಫೋಟೋಕ್ಕ ಹ್ಯಾಂಡಲ್ ಹೆಂಗ ಕೂಡಸೂದ್ರಿ?”

ಒಳಗೆ ಹೋಗುವ ಬಾಗಿಲಿನ ಮೇಲೆ, ಗೋಡೆಯಿಂದ ಗೋಡೆಗೆ ಒಂದು ನೀರಿನ ಪೈಪು ಹಾಯಿಸಿದ್ದಾರೆ. ಅದಕ್ಕೆ ಹ್ಯಾಂಡಲ್‌ಗಳನ್ನು ಒಂದರ ಪಕ್ಕ ಒಂದು ಸಿಕ್ಕಿಸಿದ್ದಾರೆ. ಧೂಳು ಎಷ್ಟು ದಪ್ಪ ಕೂತಿದೆಯೆಂದರೆ ಯಾವುದು ಕ್ರೋಮ್, ಯಾವುದು ಬಣ್ಣ ಬಳಿದದ್ದು ಎಂದು ಕೈಯಿಂದ ಒರೆಸಿಯೇ ತಿಳಿಯಬೇಕು. ಮೊದಲ ನೋಟಕ್ಕೆ ಎಲ್ಲ ಒಂದೇ. ಸ್ವಲ್ಪ ಹೊತ್ತು ನಿಂತು ನೋಡಿದರೆ ಮೂರು ಜಾತಿಗಳು ಬೇರೆ ಬೇರೆಯಾಗುತ್ತವೆ.

ಹೆಚ್ಚು ಇರುವುದು ರಾಡ್ ಬ್ರೇಕಿನವು. ಇವುಗಳಲ್ಲಿ ಕೈ ಹಿಡಿಯುವ ಅಡ್ಡ ಪೈಪು ಮತ್ತು ಚಿಮಟಾದೊಳಗೆ ಇಳಿಯುವ ಸ್ಟೆಮ್ ಎರಡೂ ಒಂದೇ ತುಂಡು. ನಡುವಿನ ಕೂಡುಜಾಗಕ್ಕೆ ಹಿತ್ತಾಳೆ ಬೆಸುಗೆ ಹಾಕಿ, ಅದರ ಮೇಲೆ ಕ್ರೋಮ್ ಹೊಡೆದಿರುತ್ತಾರೆ. ಅಡ್ಡ ಪೈಪಿನ ಕೆಳಗೆ ಸಣ್ಣ ಸಣ್ಣ ಕಿವಿಗಳಿವೆ. ಬ್ರೇಕಿನ ಹಿಡಿಗಳು ಆ ಕಿವಿಗಳಲ್ಲಿ ತಿರುಗುತ್ತವೆ. ಹಿಡಿ ಎತ್ತಿದರೆ ರಾಡು ಮೇಲೇಳುತ್ತದೆ, ರಾಡಿನ ಕೊನೆಯ ಕಟ್ಟೆಗಳು ರಿಮ್ಮಿನ ಒಳಬದಿಗೆ ಒತ್ತುತ್ತವೆ. ತುದಿಗಳು ಸವಾರನ ಕಡೆಗೆ ಬಾಗಿ ಬರುವ ಈ ಆಕಾರವನ್ನು ಇಂಗ್ಲೆಂಡಿನವರು ನಾರ್ತ್ ರೋಡ್ ಹ್ಯಾಂಡಲ್ ಎನ್ನುತ್ತಾರೆ.

ಎರಡನೆಯವು ಕೇಬಲ್ ಬ್ರೇಕಿನ ಸೈಕಲ್‌ಗಳದ್ದು. ಇಲ್ಲಿ ಸ್ಟೆಮ್ ಬೇರೆ, ಅಡ್ಡ ಪೈಪು ಬೇರೆ. ಸ್ಟೆಮ್ಮಿನ ತುದಿಯ ಕ್ಲಾಂಪು ಪೈಪನ್ನು ಬೋಲ್ಟಿನಿಂದ ಬಿಗಿಯುತ್ತದೆ. ಪೈಪನ್ನು ಹಿಂದೆ ಮುಂದೆ ತಿರುಗಿಸಬಹುದು, ಬೇಕಾದರೆ ಬದಲಿಸಲೂಬಹುದು. ಮೂರನೆಯವು ಈಚಿನ ನೆಟ್ಟಗಿನ ಪೈಪುಗಳು ಮತ್ತು ಮಕ್ಕಳ ಸೈಕಲ್ಲಿನವು. ಅವುಗಳಿಂದ ನನಗೆ ಕೆಲಸವಿರಲಿಲ್ಲ.

ನನ್ನ ರಾಲೆ ರಾಡ್ ಬ್ರೇಕಿನದ್ದು. ಹಾಗಾಗಿ ಸ್ಟೆಮ್ ಒಂದು ಕಡೆ, ಹ್ಯಾಂಡಲ್ ಒಂದು ಕಡೆ ಆರಿಸುವ ಅವಕಾಶವೇ ನನಗಿರಲಿಲ್ಲ, ಒಂದೇ ತುಂಡಿನಲ್ಲಿ ಎರಡೂ ಸರಿಯಿರಬೇಕು. ಇಂಥ ಸೈಕಲ್‌ಗೆ ಚಂದ ಕಾಣುತ್ತದೆಂದು ಕೇಬಲ್ ಹ್ಯಾಂಡಲ್ ಹಾಕಿದರೆ ರಾಡುಗಳೆಲ್ಲ ನಿರುಪಯೋಗ. ರಾಡ್ ಬ್ರೇಕಿಗೆಂದೇ ಮಾಡಿದ ರಿಮ್ಮಿನ ಅಂಚು ಉರುಟಾಗಿರುತ್ತದೆ, ಪಕ್ಕದಿಂದ ಹಿಡಿಯುವ ಕೇಬಲ್ ಬ್ರೇಕಿಗೆ ಅಲ್ಲಿ ಚಪ್ಪಟೆ ಜಾಗ ಸಿಗುವುದಿಲ್ಲ. ಆಮೇಲೆ ರಿಮ್ಮೂ ಬದಲಾಯಿಸಬೇಕು. ಹ್ಯಾಂಡಲ್ ಒಂದರಿಂದ ಶುರುವಾದದ್ದು ಗಾಲಿಯವರೆಗೆ ಹೋಗುತ್ತದೆ. ಹಳೆಯ ಸೈಕಲ್ ಸರಿಮಾಡುವವರು ಬ್ರೇಕು ಯಾವುದೆಂದು ಮೊದಲು ನೋಡಿ, ಆಮೇಲೆ ಹ್ಯಾಂಡಲ್ಲಿನ ಮಾತೆತ್ತಬೇಕು ಎಂದು ನನಗೆ ಅನ್ನಿಸುವುದು ಇದಕ್ಕೇ.

ಪೈಪಿನಿಂದ ಕೆಲವು ಹ್ಯಾಂಡಲ್ ಇಳಿಸಿಕೊಂಡು ಕೆಲಸದ ಮೇಜಿಗೆ ಬಂದೆವು. ಮೇಜೆಂದರೆ ಹಳೆಯ ಬಾಗಿಲಿನ ಹಲಗೆ. ಅದರ ಮೂಲೆಗೆ ಒಂದು ವೈಸ್, ಪಕ್ಕದಲ್ಲಿ ಡಬ್ಬಿಗಟ್ಟಲೆ ಛರ್ರಾ, ನಟ್ಟು, ಬೋಲ್ಟು. ಹಿರಿಯರು ಚಿಮಟಾದ ಮೇಲ್ತುದಿಯನ್ನು ಬಟ್ಟೆಯಿಂದ ಒರೆಸಿ, ಒಳಗೆ ವರ್ನಿಯರ್ ಹಿಡಿದರು.

“ಏಳು ಸೂತ ಐತ್ರಿ. ಬರೋಬ್ಬರಿ.”

ಏಳು ಸೂತ ಅಂದರೆ ಇಂಚಿನ ಎಂಟು ಭಾಗಗಳಲ್ಲಿ ಏಳು, ಮಿಲಿಮೀಟರ್ ಲೆಕ್ಕದಲ್ಲಿ 22.2. ಇಂಗ್ಲಿಷ್ ಸೈಕಲ್‌ಗಳ ಚಿಮಟಾದ ಪೈಪು ಹೊರಗೆ ಒಂದಿಂಚು, ಒಳಗೆ ಇಳಿಯುವ ಸ್ಟೆಮ್ ಏಳು ಸೂತ. ಸ್ವಾತಂತ್ರ್ಯದ ನಂತರ ನಮ್ಮಲ್ಲಿ ಕಾರ್ಖಾನೆಗಳು ಎದ್ದಾಗ, 1949ರಲ್ಲಿ ಮದ್ರಾಸಿನಲ್ಲಿ ಟಿಐ, 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೊ, ಎಲ್ಲರೂ ಮಾಡಿದ ಕರಿ ಸೈಕಲ್ ಇಂಗ್ಲಿಷ್ ರೋಡ್‌ಸ್ಟರಿನ ಮಾದರಿಯದೇ. ಅದಕ್ಕೇ ನಾಟಿಂಗ್‌ಹ್ಯಾಮಿನ ರಾಲೆ ಕಾರ್ಖಾನೆಯಲ್ಲಿ ಹುಟ್ಟಿದ ಚಿಮಟಾಕ್ಕೆ ಲೂಧಿಯಾನದ ಹ್ಯಾಂಡಲ್ ಇಳಿಯುತ್ತದೆ. ಕರೋಶಿಯ ಒಂದು ಅಂಗಡಿಯಲ್ಲಿ ರಾಲೆಗೆ ಹ್ಯಾಂಡಲ್ ಸಿಗುವ ಆಸೆ ಇಟ್ಟುಕೊಳ್ಳಬಹುದಾದದ್ದೂ ಇದರಿಂದಲೇ.

ಅಳತೆಯಲ್ಲಿ ಕೂದಲೆಳೆಯ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ. ಹಳೆಯ ಫ್ರೆಂಚ್ ಸೈಕಲ್‌ಗಳ ಸ್ಟೆಮ್ 22 ಮಿಲಿಮೀಟರ್. ಅಂಥ ಚಿಮಟಾದೊಳಗೆ ನಮ್ಮ 22.2ರ ಸ್ಟೆಮ್ಮನ್ನು ಸುತ್ತಿಗೆಯಿಂದ ಹೊಡೆದು ಇಳಿಸಿದರೆ ಮತ್ತೆ ಹೊರಗೆ ಬರುವುದಿಲ್ಲ. ಇದಕ್ಕಿಂತ ಅಪಾಯದ್ದು ಸಣ್ಣ ಸ್ಟೆಮ್. ಕೆಲವು ಸೈಕಲ್‌ಗಳ ಸ್ಟೆಮ್ 21.1 ಇರುತ್ತದೆ. ಅದು ನಮ್ಮ ಚಿಮಟಾಕ್ಕೆ ಸಲೀಸಾಗಿ ಇಳಿಯುತ್ತದೆ, ಬೋಲ್ಟು ಬಿಗಿದರೆ ಹಿಡಿದಂತೆಯೂ ಕಾಣುತ್ತದೆ. ಆದರೆ ಹಿಡಿದಿರುವುದು ಕೆಳತುದಿ ಮಾತ್ರ, ಮೇಲೆ ಸುತ್ತಲೂ ಸಂದು. ತುಂಬಿದ ಕ್ಯಾನು ಹೊತ್ತು ಇಳಿಜಾರಿನಲ್ಲಿ ಬರುವಾಗ ಅಂಥ ಹ್ಯಾಂಡಲ್ ತಿರುಗಿಬಿಟ್ಟರೆ ಗತಿಯೇನು?

ಇನ್ನು ಬೆಣೆ. ಸ್ಟೆಮ್ಮಿನ ಮೇಲೆ ಕಾಣುವ ಬೋಲ್ಟು ಉದ್ದಕ್ಕೆ ಒಳಗೆ ಇಳಿದು ಕೆಳಗಿನ ಒಂದು ಬೆಣೆಯನ್ನು ಹಿಡಿದಿರುತ್ತದೆ. ಬಿಗಿದಂತೆ ಬೆಣೆ ಮೇಲೇರಿ ಸ್ಟೆಮ್ಮನ್ನು ಚಿಮಟಾದ ಗೋಡೆಗೆ ಒತ್ತುತ್ತದೆ. ಹಳೆಯವುಗಳಲ್ಲಿ ಬೆಣೆ ಕೋನಿನ ಆಕಾರದ್ದು, ಸ್ಟೆಮ್ಮಿನ ಕೆಳತುದಿಯನ್ನು ಉದ್ದಕ್ಕೆ ಸೀಳಿರುತ್ತಾರೆ. ಹೊಸವುಗಳಲ್ಲಿ ಸ್ಟೆಮ್ಮನ್ನೂ ಬೆಣೆಯನ್ನೂ ಓರೆಯಾಗಿ ಕತ್ತರಿಸಿರುತ್ತಾರೆ. ಹಿರಿಯರು ಸೀಳಿದ ಒಂದು ಸ್ಟೆಮ್ಮನ್ನು ಬೆಳಕಿಗೆ ಹಿಡಿದು, ಸೀಳು ಮುಗಿಯುವ ಜಾಗಕ್ಕೆ ಉಗುರು ತಾಗಿಸಿ ತೋರಿಸಿದರು. ಅಲ್ಲಿಂದ ಕೂದಲಿನಷ್ಟು ತೆಳುವಾದ ಗೆರೆಯೊಂದು ಮೇಲಕ್ಕೆ ಹೋಗಿತ್ತು. ಬರಿಗಣ್ಣಿಗೆ ಅದು ಗೀರು, ಉಗುರಿಗೆ ಬಿರುಕು. ನೋಡಲು ಅಚ್ಚುಕಟ್ಟಾಗಿದ್ದ ಆ ಹ್ಯಾಂಡಲ್ಲನ್ನು ಅವರು ಮಾತಾಡದೆ ಗುಜರಿಯ ಬುಟ್ಟಿಗೆ ಹಾಕಿದರು.

ಚಿಮಟಾದ ಮೇಲಿನ ಆಟೆಯನ್ನೂ (ಥ್ರೆಡ್) ನೋಡಿದೆವು. ರಾಲೆಯವರು ಇಲ್ಲಿ ಇಂಚಿಗೆ 26 ಆಟೆ ಕೊರೆಯುತ್ತಿದ್ದರು, ಉಳಿದ ಬಹುಪಾಲು ಕಂಪನಿಗಳದ್ದು 24. ಹ್ಯಾಂಡಲ್ಲಿಗೂ ಇದಕ್ಕೂ ನೇರ ಸಂಬಂಧವಿಲ್ಲ. ಆದರೆ ಹ್ಯಾಂಡಲ್ ಕೂರಿಸುವ ಹೊತ್ತಿಗೆ ಮೇಲಿನ ನಟ್ಟು ಕಳೆದುಹೋಗಿದೆಯೆಂದು ಕೈಗೆ ಸಿಕ್ಕ 24ರ ನಟ್ಟನ್ನು ಪಾನಾ ಹಾಕಿ ತಿರುಗಿಸಿದರೆ ಚಿಮಟಾದ ಆಟೆಯೇ ಕೆಡುತ್ತದೆ. ನನ್ನದರಲ್ಲಿ ಹಳೆಯ ನಟ್ಟು ಇತ್ತು. ಅದರ ಕೆಳಗೆ ದೀಪ ಸಿಕ್ಕಿಸುವ ತಗಡಿನ ಕೊಕ್ಕೆಯೂ ಉಳಿದಿತ್ತು. “ಇದನ್ನ ಮಾತ್ರ ಕಳೀಬ್ಯಾಡ್ರಿ” ಎಂದು ಹಿರಿಯರು ನಟ್ಟನ್ನು ತಾವೇ ಕೈಯಿಂದ ಬಿಗಿದು ಕೊಟ್ಟರು.

ಮೇಜಿನ ಮೇಲಿನ ಹ್ಯಾಂಡಲ್‌ಗಳಲ್ಲಿ ಮನಸ್ಸಿಗೆ ಬಂದದ್ದು ಯಾವುದೂ ಇರಲಿಲ್ಲ. “ಹಿಂದಿನ ಖೋಲ್ಯಾಗ ಇನ್ನಾ ಅದಾವ್ರಿ, ಬರ್ರಿ” ಎಂದು ಕರೆದುಕೊಂಡು ಹೋದರು.

ಹಿಂದಿನ ಕೋಣೆಗೆ ಕಿಟಕಿಯಿಲ್ಲ. ಹಂಚಿನ ನಡುವೆ ಕೂರಿಸಿದ ಗಾಜಿನಿಂದ ಒಂದಷ್ಟು ಬೆಳಕು ಬೀಳುತ್ತದೆ. ಕಣ್ಣು ಹೊಂದಿಕೊಂಡ ಮೇಲೆ ಸೈಕಲ್‌ಗಳು ಕಾಣತೊಡಗಿದವು. ಕೆಲವು ನಿಂತಿವೆ, ಕೆಲವು ತಲೆಕೆಳಗಾಗಿವೆ, ಕೆಲವಕ್ಕೆ ಗಾಲಿಯಿಲ್ಲ. ಒಂದರ ತಲೆಯ ಮೇಲೆ ಅಟ್ಲಾಸಿನ ಬಿಲ್ಲೆ. ಆ ಕಂಪನಿ 2020ರಲ್ಲಿ ಸಾಹಿಬಾಬಾದಿನ ಕಾರ್ಖಾನೆಯನ್ನು ನಿಲ್ಲಿಸಿದ ಮೇಲೆ ಹಳೆಯ ಅಟ್ಲಾಸಿಗೆ ಅಸಲಿ ಸಾಮಾನು ಬೇಕೆಂದರೆ ಇಂಥ ಕೋಣೆಗಳೇ ಗತಿ. ಇನ್ನೊಂದರ ಹ್ಯಾಂಡಲ್ ಬೋಲ್ಟಿಗೆ ತಂತಿಯಿಂದ ಕಟ್ಟಿದ ಲೋಹದ ಬಿಲ್ಲೆ ಇತ್ತು. ಪುರಸಭೆಗಳು ಸೈಕಲ್ಲಿಗೂ ಲೈಸೆನ್ಸ್ ಕೊಡುತ್ತಿದ್ದ ಕಾಲದ್ದು. ಅಕ್ಷರಗಳು ಸವೆದಿದ್ದವು, ಯಾವ ಊರಿನದ್ದೆಂದು ಓದಲು ಬರಲಿಲ್ಲ.

ಅಲ್ಲೇ ಒಂದು ಹೀರೊ ಸೈಕಲ್ಲಿನ ಹ್ಯಾಂಡಲ್ ಹತ್ತಿರ ಬಹಳ ಹೊತ್ತು ಕೂತೆ. ಬಲಬದಿಯಲ್ಲಿ, ಗ್ರಿಪ್ಪಿಗಿಂತ ನಾಲ್ಕು ಬೆರಳು ಒಳಗೆ, ಪೈಪಿನ ಮೇಲ್ಭಾಗದಲ್ಲಿ ಒಂದು ತಗ್ಗು. ಬೆರಳಾಡಿಸಿದರೆ ಉಗುರಿನ ಆಳ. ಕ್ರೋಮ್ ಹೋಗಿ, ಅದರ ಕೆಳಗಿನ ನಿಕಲ್ ಹೋಗಿ, ಬರೀ ಉಕ್ಕು ನುಣುಪಾಗಿ ಹೊಳೆಯುತ್ತಿತ್ತು. ಏನಿದೆಂದು ಕೇಳಿದೆ.

“ಕ್ಯಾನಿನ ಹಿಡಿಕಿ ತಿಂದದ್ರಿ. ಹಾಲಿನಾಂವ ದಿನಾ ಮುಂಜಾನಿ ಅಲ್ಲೇ ತೂಗುಹಾಕ್ತಿದ್ದ. ಬಲಕ್ಕ ದೊಡ್ಡ ಕ್ಯಾನು, ಎಡಕ್ಕ ಸಣ್ಣದು.”

ಎಡಬದಿ ನೋಡಿದೆ. ಅಲ್ಲೂ ತಗ್ಗು ಇತ್ತು, ಆಳ ಕಡಿಮೆ. ಹ್ಯಾಂಡಲ್ಲನ್ನು ಮುಂದಿನಿಂದ ನೋಡಿದಾಗ ಬಲತುದಿ ಎಡಕ್ಕಿಂತ ಒಂದು ಬೆರಳು ಕೆಳಗೆ ಬಾಗಿದ್ದೂ ಕಂಡಿತು. ಹೊರೆ ಹೊತ್ತ ವರ್ಷಗಳೆಲ್ಲ ಆ ಪೈಪಿನಲ್ಲಿ ಅಳತೆಗೆ ಸಿಗುವಂತೆ ಉಳಿದಿವೆ. ಅದನ್ನು ಬಿಚ್ಚಿ ನನಗೆ ಕೊಡುತ್ತೇನೆಂದು ಅವರು ಹೇಳಿದರೂ ನಾನು ಬೇಡವೆಂದೆ. ಸವೆದ ಪೈಪು ಎಂಬುದು ಒಂದು ಕಾರಣ. ಅದು ಆ ಸೈಕಲ್ಲಿನ ಮೇಲೆಯೇ ಇರಬೇಕು ಎಂದು ಅನ್ನಿಸಿದ್ದು ಇನ್ನೊಂದು.

ಕೋಣೆಯ ಮೂಲೆಯಲ್ಲಿ ಬೇರೊಂದು ತರಹದ ಸೈಕಲ್. ಕರಿ ಸೈಕಲ್ಲೇ, ಆದರೆ ಮಡ್‌ಗಾರ್ಡು, ಕ್ಯಾರಿಯರ್, ಸ್ಟ್ಯಾಂಡು ಎಲ್ಲ ಬಿಚ್ಚಿ ಹಗುರ ಮಾಡಿದ್ದಾರೆ. ಹ್ಯಾಂಡಲ್ ತಲೆಕೆಳಗೆ. ನಮ್ಮ ಕಡೆಯ ಜಾತ್ರೆಗಳಲ್ಲಿ ಸೈಕಲ್ ಸ್ಪರ್ಧೆ ಇದ್ದೇ ಇರುತ್ತದೆ, ಅದಕ್ಕೆ ತಯಾರು ಮಾಡಿದ್ದು. ಹ್ಯಾಂಡಲ್ಲನ್ನು ಉಲ್ಟಾ ಮಾಡಿದರೆ ಕೈ ಕೆಳಗಿಳಿದು ಬೆನ್ನು ಬಾಗುತ್ತದೆ, ಎದೆಗೆ ಬಡಿಯುವ ಗಾಳಿ ಕಡಿಮೆಯಾಗುತ್ತದೆ. ಇದಕ್ಕೆ ಒಂದೇ ತುಂಡಿನ ಹ್ಯಾಂಡಲ್ ಒಗ್ಗುವುದಿಲ್ಲ. ಅದನ್ನು ತೆಗೆದು, ಕ್ಲಾಂಪಿನ ಸ್ಟೆಮ್ ಹಾಕಿ, ಬೇರೆ ಪೈಪು ಕೂರಿಸಿದ್ದಾರೆ. ಕ್ಲಾಂಪಿನ ಸಂದಿಯಲ್ಲಿ ಸುತ್ತಿದ ತಗಡಿನ ಪಟ್ಟಿ ಇಣುಕುತ್ತಿತ್ತು. ಪೈಪು ಒಂದಿಂಚು, ಅಂದರೆ 25.4, ಕ್ಲಾಂಪು 26ರದ್ದು ಇರಬೇಕು ಎಂದು ನನ್ನ ಊಹೆ. ಇಟಾಲಿಯನ್ ಮಾದರಿಯ ರೇಸ್ ಸ್ಟೆಮ್ಮುಗಳು 26, ಕೆಲವು ಇಂಗ್ಲಿಷ್ ಪೈಪುಗಳು 23.8. ಬೆರಕೆ ಮಾಡಿದಾಗಲೆಲ್ಲ ತಗಡು ಸುತ್ತುವುದು ನಮ್ಮ ರೂಢಿ. ತಗಡು ಹಿಡಿಯುತ್ತದೆ, ನಿಜ. ಆದರೆ ಎದ್ದು ನಿಂತು ತುಳಿಯುವಾಗ ಸವಾರನ ಇಡೀ ತೂಕ ಆ ಪಟ್ಟಿಯ ಮೇಲಿರುತ್ತದೆ. ಕ್ಲಾಂಪಿನ ಕೂಡುಜಾಗದಲ್ಲಿ ತಗಡನ್ನು ನಂಬುವುದು ನನ್ನಿಂದಾಗದು.

ಹಿರಿಯರು ಈ ಮಧ್ಯೆ ಒಂದು ಹಳೆಯ ಫ್ರೇಮಿನಿಂದ ಹ್ಯಾಂಡಲ್ ಬಿಡಿಸತೊಡಗಿದ್ದರು. ಜಂಗು ಹಿಡಿದು ಕೂತಿತ್ತು. ಅವರ ಕೆಲಸದ ಕ್ರಮ ನೋಡುವಂತಿತ್ತು. ಬೋಲ್ಟನ್ನು ಪೂರ್ತಿ ತೆಗೆಯಲಿಲ್ಲ, ಎರಡು ಮೂರು ಸುತ್ತು ಸಡಿಲಿಸಿ, ಅದರ ತಲೆಯ ಮೇಲೆ ಕಟ್ಟಿಗೆಯ ತುಂಡಿಟ್ಟು ಸುತ್ತಿಗೆಯಿಂದ ಬಡಿದರು. ಒಳಗೆ ಬೆಣೆ ಕಳಚಿ ಕೆಳಗಿಳಿದ ಸಪ್ಪಳ ಬಂತು. ಅಷ್ಟಾದರೂ ಸ್ಟೆಮ್ ಜಗ್ಗಲಿಲ್ಲ. ಸಂದಿಗೆ ಚಿಮಣಿ ಎಣ್ಣೆ ಬಿಟ್ಟರು. “ಬೋಲ್ಟ್ ಪೂರಾ ತಗದ್ರ ಬೆಣಿ ಒಳಗ ಬೀಳ್ತೈತಿ, ಆಮ್ಯಾಲ ಬಡಿಯಾಕ ಏನೂ ಉಳಿಯಂಗಿಲ್ಲ” ಎಂದರು. ಎಣ್ಣೆ ಇಳಿಯಲೆಂದು ಹಾಗೇ ಬಿಟ್ಟೆವು. ಕೆಲವು ಸ್ಟೆಮ್ಮುಗಳು ರಾತ್ರಿಯೆಲ್ಲ ಎಣ್ಣೆ ಕುಡಿದ ಮೇಲೆ ಮುಂಜಾನೆ ಬಿಡುತ್ತವಂತೆ. ಕೆಲವು ಬಿಡುವುದೇ ಇಲ್ಲ.

ಕೊನೆಗೆ ಅಂಗಳದ ಬಿಸಿಲಿಗೆ ಮೂರು ಹ್ಯಾಂಡಲ್ ತಂದಿಟ್ಟೆವು.

ಒಂದು ಹೊಚ್ಚ ಹೊಸದು, ಲೂಧಿಯಾನದ್ದು. ರಾಡ್ ಬ್ರೇಕಿನ ಸೈಕಲ್ ಇಂದಿಗೂ ತಯಾರಾಗುವುದರಿಂದ ಹೊಸ ಹ್ಯಾಂಡಲ್ ಸಿಗುವುದು ಕಷ್ಟವಲ್ಲ. ಕೈಯಲ್ಲಿ ಹಿಡಿದರೆ ಹಗುರ. ಕಿವಿಗಳು ತೆಳು ತಗಡಿನವು, ಬೆಸುಗೆ ಒರಟು. ದಿನವೂ ಓಡಿಸುವ ಸೈಕಲ್ಲಿಗೆ ಇದು ಸಾಕು, ನಾಚಿಕೆಪಡುವಂಥದ್ದೇನಿಲ್ಲ.

ಎರಡನೆಯದು ಹಳೆಯ ಪೈಪಿಗೆ ಹೊಸ ಕ್ರೋಮ್ ಮಾಡಿಸಿದ್ದು. ಮುಖ ಕಾಣುವಷ್ಟು ಹೊಳಪು. ಕೊಲ್ಲಾಪುರದ ಕಡೆ ಮಾಡಿಸಿದ್ದೆಂದು ಹೇಳಿದರು. ನಾನು ಅದನ್ನು ಎತ್ತಿಕೊಂಡಾಗ ಅವರೇ ತಡೆದರು.

“ಹೊಳಪು ನೋಡಿ ತಗೋಬ್ಯಾಡ್ರಿ ಸರ. ಒಳಗ ಬ್ಯಾಟ್ರಿ ಬಿಟ್ಟು ನೋಡ್ರಿ.”

ಪೈಪಿನ ತುದಿಯಿಂದ ಬ್ಯಾಟರಿ ಬಿಟ್ಟು ನೋಡಿದೆ. ಒಳಗೆ ಜಂಗಿನ ಹಕ್ಕಳೆಗಳು ಎದ್ದಿದ್ದವು. ಕೂಡುಜಾಗದ ಹತ್ತಿರ ಇನ್ನೂ ಜಾಸ್ತಿ. ಕ್ರೋಮ್ ಮಾಡುವವರು ಮೊದಲು ಹಳೆಯ ಲೇಪ ಕಿತ್ತು, ಜಂಗಿನ ತಗ್ಗುಗಳು ಹೋಗುವವರೆಗೂ ಪೈಪನ್ನು ಉಜ್ಜಿ ನುಣುಪು ಮಾಡುತ್ತಾರೆ, ಆಮೇಲೆ ನಿಕಲ್, ಅದರ ಮೇಲೆ ತೆಳುವಾದ ಕ್ರೋಮ್. ಉಜ್ಜಿದಷ್ಟೂ ಪೈಪು ತೆಳ್ಳಗಾಗುತ್ತದೆ. ಒಳಗಿನಿಂದ ಜಂಗು ತಿಂದದ್ದು, ಹೊರಗಿನಿಂದ ಚಕ್ರ ತಿಂದದ್ದು, ನಡುವೆ ಉಳಿದದ್ದು ಎಷ್ಟು ಎಂದು ಹೇಳಲು ನನಗೂ ಆಗಲಿಲ್ಲ, ಅವರಿಗೂ ಆಗಲಿಲ್ಲ. ಹೇಳಲಾಗದ ಹ್ಯಾಂಡಲ್ ಮೇಲೆ ಭಾರ ಹಾಕಬಾರದು.

ಮೂರನೆಯದು ಚುಕ್ಕೆ ಚುಕ್ಕೆಯಾಗಿ ಕಂದು ಹಿಡಿದ ಹಳೆಯದು. ಕಂಪನಿಯ ಗುರುತು ಎಲ್ಲೂ ಸಿಗಲಿಲ್ಲ. ಹಿರಿಯರು ಇಂಗ್ಲಿಷ್ ಮಾಲು ಎಂದರು, ಇರಬಹುದು. ಆಸನ್‌ಸೋಲಿನ ಸೇನ್ ರಾಲೆ ಕಾರ್ಖಾನೆಯದ್ದೂ ಇರಬಹುದು ಎಂದು ನನಗನ್ನಿಸಿತು. ಬಟ್ಟಲಲ್ಲಿ ನೀರು ತಂದು, ಅಡುಗೆಗೆ ಬಳಸುವ ಅಲ್ಯೂಮಿನಿಯಂ ಹಾಳೆಯ ಉಂಡೆ ಅದ್ದಿ ಒಂದು ಕಡೆ ತಿಕ್ಕಿದೆ. ಕಂದು ಹೋಗಿ ಕೆಳಗಿನ ಕ್ರೋಮ್ ಎದ್ದು ಬಂತು, ಅಲ್ಲಲ್ಲಿ ಸೂಜಿಮೊನೆಯಂಥ ಕಪ್ಪು ಚುಕ್ಕೆಗಳು ಉಳಿದವು. ಜಂಗು ಮೇಲ್ಮೈಯದ್ದು. ಒಳಗೆ ಬ್ಯಾಟರಿ ಬಿಟ್ಟರೆ ಪೈಪು ಸ್ವಚ್ಛ. ಕೂಡುಜಾಗದಲ್ಲಿ ಸ್ಕ್ರೂ ಡ್ರೈವರಿನ ಮೊನೆಯಿಂದ ಒತ್ತಿದರೆ ಗಟ್ಟಿ. ಸ್ಟೆಮ್ಮಿನ ಸೀಳಿನ ಕೊನೆಗೆ ಉಗುರು ಆಡಿಸಿದೆ, ಬಿರುಕಿಲ್ಲ. ನೆಲದ ಫರಸಿಯ ಮೇಲೆ ಬೋರಲು ಇಟ್ಟು ನೋಡಿದೆವು, ಎರಡೂ ತುದಿ ಒಟ್ಟಿಗೆ ತಾಗಿದವು. ವರ್ನಿಯರ್ 22.2 ತೋರಿಸಿತು.

ನಾನು ಆರಿಸಿದ್ದು ಇದನ್ನೇ. ಮತ್ತೆ ಕ್ರೋಮ್ ಮಾಡಿಸುವುದಿಲ್ಲ, ಚುಕ್ಕೆಗಳು ಹಾಗೇ ಇರಲಿ. ಫ್ರೇಮಿನ ಬಣ್ಣವೂ ಮಾಸಿದೆ, ಗಾಲಿಯ ನಿಕಲ್ಲೂ ಮಂಕಾಗಿದೆ. ಒಂದು ಹ್ಯಾಂಡಲ್ ಮಾತ್ರ ಕನ್ನಡಿಯಾಗಿ ಹೊಳೆದರೆ ಆ ಸೈಕಲ್ಲಿಗೆ ಒಪ್ಪುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಉಕ್ಕು ಗಟ್ಟಿಯಿದ್ದರೆ ಹಳೆಯದನ್ನು ಉಳಿಸಿಕೊಳ್ಳಬೇಕು. ಗಟ್ಟಿಯಿಲ್ಲದಿದ್ದರೆ ಅದು ಎಷ್ಟೇ ಅಸಲಿಯಾಗಿದ್ದರೂ ಗೋಡೆಗೆ ತೂಗುಹಾಕಿ, ಲೂಧಿಯಾನದ್ದನ್ನು ಕೂರಿಸಬೇಕು.

ಸ್ಟೆಮ್ಮಿಗೆ ಗ್ರೀಸ್ ಸವರಿ ಚಿಮಟಾದೊಳಗೆ ಇಳಿಸಿದೆವು. ಎಷ್ಟು ಇಳಿಯಬೇಕು ಎಂಬುದಕ್ಕೂ ಲೆಕ್ಕವಿದೆ. ಕಡಿಮೆಯೆಂದರೂ ಎರಡೂವರೆ ಇಂಚು ಒಳಗಿರಬೇಕು. ಬೆಣೆ ಬಿಗಿಯುವ ಜಾಗ ಚಿಮಟಾದ ಆಟೆಗಿಂತ ಕೆಳಗೆ ಬರಬೇಕು, ಯಾಕೆಂದರೆ ಆಟೆ ಕೊರೆದ ಕಡೆ ಪೈಪು ತೆಳು, ಅಲ್ಲಿ ಬಿಗಿದರೆ ಉಬ್ಬುತ್ತದೆ. ಹಿರಿಯರು ಸೀಮೆಸುಣ್ಣದಿಂದ ಸ್ಟೆಮ್ಮಿನ ಮೇಲೆ ಗೆರೆ ಎಳೆದು, ಇದಕ್ಕಿಂತ ಮೇಲೆ ಎಬ್ಬಿಸಬೇಡಿ ಎಂದರು. ಹೊಸ ಸ್ಟೆಮ್ಮುಗಳ ಮೇಲೆ ಈ ಗೆರೆಯನ್ನು ಕಾರ್ಖಾನೆಯಲ್ಲೇ ಕೊರೆದಿರುತ್ತಾರೆ, ಹಳೆಯವುಗಳಲ್ಲಿ ಬಹಳಷ್ಟಕ್ಕೆ ಇರುವುದಿಲ್ಲ.

ಎತ್ತರ ಏರಿಸಿದರೆ ಬ್ರೇಕಿಗೆ ಏನಾಗುತ್ತದೆ ಎಂದು ತೋರಿಸಲು ಚಪ್ಪರದ ಕಂಬಕ್ಕೆ ಕಟ್ಟಿದ್ದ ಹರ್ಕ್ಯುಲಸ್ಸಿನ ಬಳಿಗೆ ಕರೆದರು. ಬೋಲ್ಟು ಸಡಿಲಿಸಿ ಹ್ಯಾಂಡಲ್ಲನ್ನು ಒಂದು ಬೆರಳು ಮೇಲೆತ್ತಿದಾಗ ಮುಂದಿನ ಬ್ರೇಕಿನ ರಾಡೂ ಜೊತೆಗೆ ಮೇಲೆದ್ದು ಕಟ್ಟೆಗಳು ರಿಮ್ಮಿಗೆ ಕಚ್ಚಿಕೊಂಡವು. ಗಾಲಿ ತಿರುಗಲಿಲ್ಲ. ರಾಡಿನ ನಡುವಿನ ಜೋಡಣೆಯ ಸ್ಕ್ರೂ ಬಿಟ್ಟು, ಅಷ್ಟೇ ಉದ್ದ ಬಿಟ್ಟುಕೊಟ್ಟ ಮೇಲೆ ಗಾಲಿ ಆಡಿತು. ಹಿಂದಿನ ಬ್ರೇಕಿಗೂ ಹೀಗೇ ಮಾಡಬೇಕು. ಕೇಬಲ್ ಸೈಕಲ್ಲಿನಲ್ಲಿ ಈ ರಗಳೆಯಿಲ್ಲ, ಅಲ್ಲಿ ಕೇಬಲ್ ಬಾಗುತ್ತದೆ. ಆಮೇಲೆ ಬೋಲ್ಟು ಬಿಗಿದು, ಮುಂದಿನ ಗಾಲಿಯನ್ನು ಎರಡೂ ಮೊಣಕಾಲುಗಳ ನಡುವೆ ಒತ್ತಿ ಹಿಡಿದು, ಹ್ಯಾಂಡಲ್ಲನ್ನು ಎಡಕ್ಕೆ ಬಲಕ್ಕೆ ಜೋರಾಗಿ ತಿರುಗಿಸಿ ನೋಡಿದರು. ಜಾರಲಿಲ್ಲ. ನನ್ನ ಕೈಗೂ ಕೊಟ್ಟು ಮಾಡಿಸಿದರು.

ಹೇಳಿದ ಬೆಲೆಗೆ ಚೌಕಾಸಿ ಮಾಡಲಿಲ್ಲ. ಎಡಬದಿಯ ಕಿವಿಯ ತೂತು ಸವೆದು ಅಂಡಾಕಾರವಾಗಿದೆ, ಹಿಡಿ ಅಲ್ಲಿ ಗಲಗಲ ಅನ್ನಬಹುದು, ತೂತಿಗೆ ಹಿತ್ತಾಳೆಯ ಬುಷ್ ಹಾಕಿಸಿಕೊಳ್ಳಬೇಕು ಎಂದು ಹಣ ತೆಗೆದುಕೊಳ್ಳುವ ಮೊದಲೇ ತಿಳಿಸಿದರು. ಹಿಂದಿನ ಬ್ರೇಕಿನ ಉದ್ದದ ರಾಡು ಇಲ್ಲಿ ಸಿಗಲಿಲ್ಲ. ನಿಪ್ಪಾಣಿಯಲ್ಲಿ ಹಳೆಯ ಸಾಮಾನಿನವರೊಬ್ಬರ ಹತ್ತಿರ ಇರಬಹುದೆಂದು ದಾರಿ ಹೇಳಿ, ಫ್ರೇಮಿನ ತಲೆಯಿಂದ ಪೆಡಲಿನ ಕಪ್ಪಿನವರೆಗೆ ಇಂಚುಪಟ್ಟಿ ಹಿಡಿದು ಬರೆದುಕೊಂಡು ಹೋಗಿರಿ ಎಂದರು.